ಒಂದು ಇನ್ನಿಂಗ್ಸ್ ಮತ್ತು ಹಲವು ಸುಳ್ಳುಗಳಿಂದ ಜಯ

ತನ್ನ ದೇಶ ಸೋತರೆ ಮನುಷ್ಯನಿಗೆ ಅನ್ನ ಸೇರದಿರುವುದು ಸಹಜ. ಪಕ್ಕದ ಮನೆಯವರ ಮಗ ಫೇಲಾದರೆ ಒಂದು ತುತ್ತು ಹೆಚ್ಚೇ ಸೇರುವುದೂ ಸಹಜವೇ. ಆದರೆ ತಾನು ಕಣ್ಣಿಂದ ಕಾಣದ, ಸಮುದ್ರದಾಚೆಯ ದೇಶವೊಂದು ಸೋಲುತ್ತಿದೆಯೆಂದು ಆಪರೇಷನ್ ಥಿಯೇಟರಿನ ಬಾಗಿಲಿಂದ ವಾಪಸು ಬಂದ ಮನುಷ್ಯನನ್ನು ನಾನು ಒಬ್ಬರನ್ನೇ ನೋಡಿರುವುದು. ಅವರು ನನ್ನ ಮಾವ, ಹೆಂಡತಿಯ ತಂದೆ. ಅವರಿಗಾಗಿ ನಾನು ನಾಲ್ಕು ದಿನ ಎಡೆಬಿಡದೆ ಸುಳ್ಳು ಹೇಳಿದೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ತಿಳಿದಾಗ ಆದ ಆಘಾತದಿಂದ ನಾನಿನ್ನೂ ಪೂರ್ತಿ ಹೊರಬಂದಿಲ್ಲ.

ಮಾವ ಕೆ.ಜಿ.ಎಫ್‌ನವರು. ಗಣಿಯಲ್ಲಿ ದುಡಿದು, ಗಣಿಗಿಂತ ಸ್ವಲ್ಪ ಮುಂಚೆ ನಿವೃತ್ತರಾದವರು. ಭಾರತ ಆಡಿದರೆ ಅವರು ಭಾರತದ ಕಡೆಯೇ, ಅದರಲ್ಲಿ ಮೋಸವಿಲ್ಲ. ಆದರೆ ಇಂಗ್ಲೆಂಡೂ ಆಸ್ಟ್ರೇಲಿಯಾವೂ ಎದುರಾದರೆ ಸಾಕು, ಮಾವ ಇಂಗ್ಲೆಂಡಿನ ಸ್ವಂತ ಅಣ್ಣನಾಗಿಬಿಡುತ್ತಾರೆ. ಕಾರಣ ಒಂದು ಸ್ವೆಟರು. ಗಣಿಯ ಇಂಗ್ಲಿಷ್ ಅಧಿಕಾರಿಗಳು ಕ್ರಿಕೆಟ್ ಆಡುತ್ತಿದ್ದ ಮೈದಾನಕ್ಕೆ ನೀರು ಹಾಕಿ, ಉರುಳೆ ಎಳೆಯುವ ಕೆಲಸ ಮಾವನ ತಂದೆಯದು. ಊರಿಗೆ ಹೊರಟ ದೊರೆಯೊಬ್ಬ ತನ್ನ ಬಿಳಿ ಸ್ವೆಟರನ್ನು ಅವರಿಗೆ ಕೊಟ್ಟು ಹೋದನಂತೆ. "ಅಲ್ಲ ಮಾವ, ಅವರು ನೆಲದೊಳಗಿನ ಚಿನ್ನ ಎಲ್ಲ ಬಾಚಿಕೊಂಡು ಹೋದರು, ನಿಮ್ಮಪ್ಪನಿಗೆ ಕೊಟ್ಟಿದ್ದು ಹಳೇ ಸ್ವೆಟರು" ಎಂದು ನಾನೊಮ್ಮೆ ಕೆಣಕಿದ್ದೆ. ಮಾವ ಸ್ವಲ್ಪವೂ ಕದಲದೆ, "ಅದಾದ್ರೂ ಕೊಟ್ರಲ್ಲ ಮಾಪ್ಳೆ. ಆಸ್ಟ್ರೇಲಿಯಾನೋರು ಏನ್ ಕೊಟ್ರು?" ಎಂದರು. ಅಳಿಯನನ್ನು ಅವರು ತಮಿಳಿನಲ್ಲೇ ಮಾಪ್ಳೆ ಎನ್ನುವುದು. ಆಸ್ಟ್ರೇಲಿಯಾದವರು ನಮಗೇನು ಕೊಟ್ಟರೆಂದು ನಾನು ಯೋಚಿಸುತ್ತಲೇ ಇದ್ದೇನೆ.

ಈ ಸಲದ ಸರಣಿ ಆಸ್ಟ್ರೇಲಿಯಾದಲ್ಲಿ. ಅದೇ ಹೊತ್ತಿಗೆ ಮಾವನ ಎರಡು ಕಣ್ಣಿಗೂ ಪೊರೆ ಬಲಿತು, ಎದುರಿಗೆ ನಿಂತವರನ್ನು ಕೆಮ್ಮಿನಿಂದ ಗುರುತಿಸುವ ಸ್ಥಿತಿ ಬಂತು. ಕೋಲಾರದ ಆಸ್ಪತ್ರೆಯೊಂದರಲ್ಲಿ ಮೊದಲು ಒಂದು ಕಣ್ಣಿಗೆ ಆಪರೇಷನ್ ನಿಗದಿಯಾಯಿತು. ಹಸಿರು ಗೌನು ತೊಡಿಸಿ, ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದ್ದರು. ಪಕ್ಕದಲ್ಲಿದ್ದ ರೋಗಿಯ ಮೊಮ್ಮಗಳು ಮೊಬೈಲಿನಲ್ಲಿ ಜೋರಾಗಿ ಕಾಮೆಂಟರಿ ಹಾಕಿಕೊಂಡಿದ್ದಳು. ಮಾವ ಕಿವಿಗೊಟ್ಟರು. ಅರ್ಧ ಗಂಟೆಯಲ್ಲಿ ಇಂಗ್ಲೆಂಡಿನ ಆರು ವಿಕೆಟ್ ಬಿತ್ತು. ಒಳಗೆ ಕರೆದು ಬಿಪಿ ನೋಡಿದರೆ ನೂರತೊಂಬತ್ತು. ಡಾಕ್ಟರು ಗಾಬರಿಯಾಗಿ, "ಹೀಗಿದ್ದರೆ ಕಣ್ಣಿಗೆ ಕೈ ಹಾಕೋಕೆ ಆಗಲ್ಲ. ಇಳಿಸಿಕೊಂಡು ಮುಂದಿನ ಶುಕ್ರವಾರ ಬನ್ನಿ, ಮನಸ್ಸಿಗೆ ಯಾವ ಶಾಕೂ ಆಗಬಾರದು" ಎಂದು ಗೌನು ಬಿಚ್ಚಿಸಿ ಕಳಿಸಿದರು.

ನನ್ನ ಹೆಂಡತಿ ಭಾಗ್ಯ ಅಪ್ಪನನ್ನು ಕೆ.ಜಿ.ಎಫ್‌ಗೆ ಬಿಡದೆ ನೇರ ನಮ್ಮ ಊರು ಬೂದಿಕೋಟೆಗೆ ಕರೆತಂದಳು. ಬಂದವಳೇ ಟಿವಿಯ ವೈರು ಕಿತ್ತು ಅಟ್ಟಕ್ಕೆ ಹಾಕಿ, "ಇಲಿ ಕಡಿದು ಹಾಕೈತೆ ಅಪ್ಪ" ಎಂದಳು. ಭಾನುವಾರ ಹೊಸ ಟೆಸ್ಟ್ ಶುರು, ಗುರುವಾರ ಮುಗಿಯಬೇಕು, ಮರುದಿನವೇ ಆಪರೇಷನ್. ಮಾವ ಒಂದೇ ಶರತ್ತು ಹಾಕಿದರು: ಸ್ಕೋರನ್ನು ಅಳಿಯ ಹೇಳಬೇಕು. ಭಾಗ್ಯ ನನ್ನನ್ನು ಹಸುವಿನ ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದಳು.

"ಅವರು ಸೋತ್ರೂ ಗೆದ್ರು ಅನ್ನಿ," ಎಂದಳು.

ನಾನು ದಂಗಾದೆ. ಬಂಗಾರಪೇಟೆಯಲ್ಲಿ ಮಸಾಲೆ ದೋಸೆ ತಿಂದು ತಿಂದಿಲ್ಲ ಎಂದಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದವಳು ಇವಳೇ. "ಸುಳ್ಳು ಹೇಳು ಅಂತೀಯಾ?" ಎಂದೆ.

"ನಿಮ್ಮ ಗಂಟೇನು ಓಗ್ತದೆ? ಇಷ್ಟ್ ದಿನ ನಂಗೆ ಏಳ್ಲಿಲ್ವಾ, ಈಗ ನಮ್ಮಪ್ಪಂಗೆ ಏಳಿ."

ನಾನು ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಬೆಳಗ್ಗೆ ಆರಕ್ಕೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಆಸ್ಟ್ರೇಲಿಯಾದ ಆಟ ನಮಗೆ ಐದಕ್ಕೇ ಶುರುವಾಗಿರುತ್ತದೆ. ಭಾನುವಾರ ಮಾವ ಮಂಕಿ ಕ್ಯಾಪು ಹಾಕಿಕೊಂಡು, ಕೋಲೂರಿಕೊಂಡು ಬಂದು ಡೈರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. "ಸೊಲ್ಲು ಮಾಪ್ಳೆ," ಎಂದರು, ಅಂದರೆ ಹೇಳು ಎಂದು. ನಾನು ಮೊಬೈಲು ನೋಡಿದೆ. ಆಸ್ಟ್ರೇಲಿಯಾ ಒಂದು ವಿಕೆಟ್ಟೂ ಕಳೆದುಕೊಳ್ಳದೆ ಬಾರಿಸುತ್ತಿತ್ತು. ನಾನು, "ಮೂರು ವಿಕೆಟ್ ಬಿದ್ದವು ಮಾವ, ಆಸ್ಟ್ರೇಲಿಯಾದ್ದು" ಎಂದೆ. ದಿನವೂ ಹಾಲಿಗೆ ಡಿಗ್ರಿ ನೋಡುವ ಕೊಳವೆ ಇಳಿಸಿ, ನೀರು ಬೆರೆಸಿದವರಿಗೆ ಬುದ್ಧಿ ಹೇಳುವವನು ನಾನು. ಅವತ್ತು ನಾನು ಬೆರೆಸಿದ ನೀರಿನಲ್ಲಿ ಹಾಲು ಎಲ್ಲಿತ್ತೆಂದು ದೇವರಿಗೇ ಗೊತ್ತು.

ಸಾಲಿನಲ್ಲಿದ್ದ ಮುನಿರಾಜು ಚಕಿತನಾಗಿ ತನ್ನ ಮೊಬೈಲು ತೆಗೆದ. ನಮ್ಮೂರಿನಲ್ಲಿ ಕ್ರಿಕೆಟ್ ಬಲ್ಲವನು ಅವನೇ. "ಎಲ್ಲಣ್ಣ ಮೂರು? ಇಲ್ಲಿ ನೋಡಿದ್ರೆ..." ಎಂದು ಬಾಯಿ ತೆಗೆಯುವಷ್ಟರಲ್ಲಿ ನಾನು ಅವನ ಕಾಲು ತುಳಿದೆ. ಮೂಲೆಗೆ ಕರೆದು ಕಣ್ಣು, ಬಿಪಿ, ಡಾಕ್ಟರು ಎಲ್ಲ ವಿವರಿಸಿದೆ. ಮುನಿರಾಜು ಒಂದು ಕ್ಷಣ ಗಂಭೀರನಾದ. ಆಮೇಲೆ ವಾಪಸು ಬಂದು ಮಾವನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ತಾತಾ, ನಾಕನೇದೂ ಬಿತ್ತು. ಸ್ಟಂಪು ಎರಡ್ ತುಂಡಾಗೋಯ್ತು" ಎಂದ. ಸ್ಟಂಪು ತುಂಡಾಗುವಷ್ಟು ದೂರ ಹೋಗುವ ಧೈರ್ಯ ನನಗಿರಲಿಲ್ಲ.

ಹಾಲು ಅಳೆಸಲು ಬಂದ ಯಲ್ಲಮ್ಮಜ್ಜಿ ಇದನ್ನೆಲ್ಲ ಕೇಳುತ್ತಿದ್ದವಳು, "ಯಾತಕ್ಕಪ್ಪ ಅವ್ರು ಒಡೆದಾಡ್ತಿರೋದು?" ಎಂದಳು. ಬೂದಿಗೆ, ಒಂದು ಕುಡಿಕೆ ಬೂದಿಗೆ, ಅದಕ್ಕೇ ಆ ಸರಣಿಗೆ ಇಂಗ್ಲಿಷಿನಲ್ಲಿ ಆಷಸ್ ಅನ್ನುತ್ತಾರೆ ಎಂದು ನಾನು ತಿಳಿಸಿದೆ. ಅಜ್ಜಿ ಕ್ಯಾನು ಕೆಳಗಿಟ್ಟಳು. "ಬೂದಿಗಾ? ನಮ್ಮೂರೆಸ್ರೇ ಬೂದಿಕೋಟೆ. ಬಂದ್ ಕೇಳಿದ್ರೆ ನಮ್ಮ ಒಲೇಲಿರೋದ್ನೇ ಒಂದ್ ಮೊರ ಕೊಡ್ತಿದ್ದೆ. ಐದೈದ್ ದಿನ ಬಿಸ್ಲಾಗೆ ನಿಂತ್ಕಳಾದ್ಯಾಕೆ?" ಮಾವನಿಗೆ ನಗು ತಡೆಯಲಾಗಲಿಲ್ಲ. ಅವರು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಸೋಮವಾರ ಇಂಗ್ಲೆಂಡ್ ನಿಜಕ್ಕೂ ನೂರೈವತ್ತು ದಾಟಲಿಲ್ಲ. ನನ್ನ ಪಂದ್ಯದಲ್ಲಿ ಅದು ಐನೂರರತ್ತ ಹೊರಟಿತ್ತು. ಮಾವನ ನೆನಪೋ ಕಬ್ಬಿಣದ ಪೆಟ್ಟಿಗೆ. "ನಿನ್ನೆ ಅವನು ಔಟಾದ ಅಂದೆ, ಇವತ್ತು ಎಂಗ್ ಸೆಂಚುರಿ ಒಡ್ದ?" ಎಂದು ಕೇಳಿದರು. ಅಂಪೈರು ವಾಪಸು ಕರೆಸಿದ ಎಂದೆ. "ಅಲ್ಲಿ ಮೋಡ ಐತಾ?" ಎಂದರೆ ನಾನು ಬೂದಿಕೋಟೆಯ ಆಕಾಶ ನೋಡಿ ಉತ್ತರಿಸುತ್ತಿದ್ದೆ. ಮಂಗಳವಾರ ಬಿಪಿ ನೋಡಲು ಬಂದ ಸಿಸ್ಟರಮ್ಮ ಪಟ್ಟಿ ಬಿಚ್ಚಿ, "ನೂರಮೂವತ್ತು. ಏನ್ ಮಾಡಿದ್ರಿ?" ಎಂದು ಆಶ್ಚರ್ಯಪಟ್ಟರು. ಭಾಗ್ಯ ನನಗೆ ಅವತ್ತು ಕೇಳದೆಯೇ ಎರಡನೇ ಸಲ ಕಾಫಿ ಕೊಟ್ಟಳು. ಮದುವೆಯಾಗಿ ಹತ್ತೊಂಬತ್ತು ವರ್ಷ ನಾನು ಹೇಳಿದ ನಿಜಗಳಿಗೆ ಸಿಗದ ಕಾಫಿ ಅದು.

ಬುಧವಾರದ ಹೊತ್ತಿಗೆ ನನ್ನ ಕಲ್ಪನೆ ಬತ್ತಿ ಹೋಗಿತ್ತು. ಐದನೇ ದಿನಕ್ಕೆ ಸುಳ್ಳು ಉಳಿದಿರಲಿಲ್ಲ. ಹಾಗಾಗಿ ಪಂದ್ಯವನ್ನು ಅವತ್ತೇ ಮುಗಿಸಿಬಿಟ್ಟೆ. "ಇಂಗ್ಲೆಂಡು ಗೆದ್ದಿತು ಮಾವ. ಇನ್ನೊಂದು ಸಲ ಬ್ಯಾಟ್ ಹಿಡಿಯೋ ಅಗತ್ಯಾನೇ ಬೀಳಲಿಲ್ಲ, ಒಂದು ಇನ್ನಿಂಗ್ಸಿನಿಂದ ಗೆಲುವು." ಮಾವ ತಲೆಯಾಡಿಸಿ, "ಒಳ್ಳೇದಾಯ್ತು" ಎಂದು ಕಾಫಿ ಕುಡಿದು ಮಲಗಿದರು. ಇಷ್ಟು ದೊಡ್ಡ ಗೆಲುವಿಗೆ ಇಷ್ಟು ಚಿಕ್ಕ ಸಂತೋಷವೇ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಗುರುವಾರ ಬೆಳಗ್ಗೆ ಹಾಲು ಅಳೆಯುತ್ತ ಸುಮ್ಮನೆ ಮೊಬೈಲು ನೋಡಿದೆ. ನೋಡಬಾರದಿತ್ತು. ನಿಜವಾದ ಪಂದ್ಯದಲ್ಲಿ, ಸತ್ತೇ ಹೋಯಿತೆಂದು ನಾನು ಕೈಬಿಟ್ಟಿದ್ದ ಇಂಗ್ಲೆಂಡು ಎದ್ದು ಕೂತಿತ್ತು. ಗೆಲ್ಲಲು ಮೂವತ್ತೆಂಟು ರನ್ನು, ಉಳಿದಿದ್ದು ಒಂದೇ ವಿಕೆಟ್ಟು. ಕೊನೆಯ ಆಟಗಾರನಿಗೆ ಬ್ಯಾಟಿನ ಯಾವ ಕಡೆ ಹಿಡಿಯಬೇಕೆಂದು ತಿಳಿದಿತ್ತೋ ಇಲ್ಲವೋ, ಆದರೂ ಔಟಾಗುತ್ತಿಲ್ಲ. ಮೂವತ್ತು ಬೇಕು, ಇಪ್ಪತ್ತೆರಡು ಬೇಕು. ನನ್ನ ಕೈಯಿಂದ ಅಳತೆಯ ಪಾತ್ರೆ ಜಾರಿತು. ಮುನಿರಾಜು ತನ್ನ ಕ್ಯಾನನ್ನು ಎದೆಗವಚಿಕೊಂಡು ನಿಂತಿದ್ದ. ಇತ್ತ ಮಾವ ಗೋಡೆಗೊರಗಿ ಎಳೆಬಿಸಿಲು ಕಾಯಿಸುತ್ತಿದ್ದರು, ಮುಖದಲ್ಲಿ ಪರಮ ಶಾಂತಿ. ಅವರ ಪಂದ್ಯ ನಿನ್ನೆಯೇ ಮುಗಿದಿತ್ತಲ್ಲ. ಹನ್ನೊಂದು ಬೇಕು. ಕ್ಯಾಚು ಎತ್ತಿದ, ಬಿಟ್ಟರು. ನಾಲ್ಕು ಬೇಕು. ಚೆಂಡು ಸ್ಲಿಪ್ಪಿನ ನಡುವೆ ನುಗ್ಗಿ ಗೆರೆ ದಾಟಿತು. ಮುನಿರಾಜು ಕಿರುಚಿಕೊಂಡ.

"ಏನಪ್ಪಾ ಗಲಾಟೆ?" ಎಂದರು ಮಾವ.

"ಮುನಿರಾಜುವಿನ ಎಮ್ಮೆ ಈದಿದೆಯಂತೆ" ಎಂದೆ. ಅವನಿಗೆ ಎಮ್ಮೆಯೇ ಇರಲಿಲ್ಲ.

ಅದೇ ಹೊತ್ತಿಗೆ ಸಿಸ್ಟರಮ್ಮ ಬಂದರು. ಮಾವನ ಬಿಪಿ ನೂರಿಪ್ಪತ್ತನಾಲ್ಕು. ಅವರು ನನ್ನ ಬೆವರು ನೋಡಿ, ಪಟ್ಟಿಯನ್ನು ನನ್ನ ತೋಳಿಗೂ ಸುತ್ತಿದರು. ನೂರೆಂಬತ್ತು. "ನಾಳೆ ಆಪರೇಷನ್ ಯಾರಿಗೆ?" ಎಂದು ಕೇಳಿದರು.

ಶುಕ್ರವಾರ ಆಪರೇಷನ್ ಚೆನ್ನಾಗಿ ಆಯಿತು. ಶನಿವಾರ ಕಣ್ಣಿನ ಪಟ್ಟಿ ಬಿಚ್ಚಿದರು. ಭಾನುವಾರ ಕೆ.ಜಿ.ಎಫ್‌ನಿಂದ ಮಾವನ ಹಳೆಯ ಗಣಿಯ ಗೆಳೆಯರೊಬ್ಬರು ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದರು. ಅವರು ಕೂರುವ ಮೊದಲೇ, "ಎಂಥಾ ಮ್ಯಾಚಪ್ಪಾ ಅದು, ಕೊನೇ ವಿಕೆಟ್ಟಿಗೆ ಮೂವತ್ತೆಂಟು" ಎಂದುಬಿಟ್ಟರು. ನಾನು ಮೂಸಂಬಿ ಸುಲಿಯುವ ನೆಪದಲ್ಲಿ ಅಡುಗೆಮನೆಗೆ ಸರಿದೆ. ಗೆಳೆಯರು ಹೋದ ಮೇಲೆ ಮಾವ ನನ್ನನ್ನು ಕರೆದರು. ಹೊಸ ಕಣ್ಣಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು, ಸೋಲುತ್ತಿದ್ದರು, ಬಿಪಿ ಏರುತ್ತಿತ್ತು ಎಂದು ನಾನು ತಡವರಿಸಿದೆ.

"ಬೇಜಾರು ಸುಳ್ಳು ಏಳಿದ್ದಕ್ಕಲ್ಲ ಮಾಪ್ಳೆ," ಎಂದರು ಮಾವ. "ಎಪ್ಪತ್ತೆರಡು ವರ್ಸ ಕಾದಿದ್ದೆ ಅಂಥ ಒಂದು ಮ್ಯಾಚಿಗೆ. ಅದು ಬಂತು. ನಾನು ಅಲ್ಲೇ ಬಿಸ್ಲು ಕಾಯಿಸ್ಕೊಂಡ್ ಕೂತಿದ್ದೆ. ನೀನು ನಂಗೆ ಇನ್ನಿಂಗ್ಸ್ ಗೆಲುವು ಕೊಟ್ಟೆ. ಅದ್ರಾಗೇನೈತೆ?"

ನನಗೆ ನಿಜವಾದ ಆಘಾತ ಆಗಿದ್ದು ಆಗ. ಇಂಗ್ಲೆಂಡು ಸೋಲುವುದನ್ನು ತಡೆಯಲು ಹೋಗಿ ನಾನು ಅದರ ಗೆಲುವನ್ನೇ ಕದ್ದಿದ್ದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಭಾಗ್ಯಳೂ ಅಪ್ಪನ ಕಡೆ ಸೇರಿ, "ಅಂಗೆಲ್ಲ ಸುಳ್ಳು ಏಳ್ತಾರಾ ಯಾರಾದ್ರೂ?" ಎಂದಳು. ನಾನು ಅಟ್ಟದಿಂದ ಟಿವಿಯ ವೈರು ಇಳಿಸಿ ಜೋಡಿಸಿದೆ.

ಮುಂದಿನ ಟೆಸ್ಟಿಗೆ ಡಾಕ್ಟರು ಟಿವಿ ನೋಡಲು ಅಪ್ಪಣೆ ಕೊಟ್ಟರು. ಮಾವ ಕಪ್ಪು ಕನ್ನಡಕ ಹಾಕಿ ಬೆಳಗ್ಗೆ ಐದಕ್ಕೇ ಕೂತರು. ನಾನು ಡೈರಿ ಮುಗಿಸಿ ಬರುವಾಗ ಎಂಟೂವರೆ; ಇಂಗ್ಲೆಂಡಿನ ಏಳು ವಿಕೆಟ್ ಬಿದ್ದಿತ್ತು. ಮಾವ ರಿಮೋಟು ಹುಡುಕಿ ಟಿವಿ ಆರಿಸಿದರು. ಆಮೇಲೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು.

"ಸೊಲ್ಲು ಮಾಪ್ಳೆ," ಎಂದರು.

ನನ್ನ ಜೀವನದಲ್ಲಿ ಯಾರೂ ಯಾವ ಕೆಲಸಕ್ಕೂ ಎರಡನೇ ಸಲ ನನ್ನನ್ನೇ ಬೇಕೆಂದು ಕರೆದದ್ದಿಲ್ಲ. ಹುರುಪಿನಲ್ಲಿ, "ಇಂಗ್ಲೆಂಡು ಒಂದು ವಿಕೆಟ್ಟಿಗೆ ಮುನ್ನೂರು ಮಾವ" ಎಂದು ಶುರುಮಾಡಿದೆ.

ಮಾವ ಕಣ್ಣು ತೆರೆಯದೆಯೇ ಕೈಯೆತ್ತಿ ತಡೆದರು. "ಅಷ್ಟೊಂದು ಬೇಡ. ಕಷ್ಟಪಟ್ಟು ಗೆಲ್ಸು."