ನಾಲ್ಕು ವಾರಕ್ಕೊಮ್ಮೆ ದಯಮಾಡಿಸುವ ಕಿವಿ ಯಂತ್ರಕ್ಕೆ

ಮಾನ್ಯ ಕಿವಿ ಪರೀಕ್ಷೆಯ ಯಂತ್ರದವರಿಗೆ,

ಬಟ್ಟಲು ಬಡಿದು ನೋಡುವ ಮೇಜಿನ ಎಡತುದಿಯಲ್ಲಿ ಕೂರುವವಳು ತಲೆಬಾಗಿ ಮಾಡುವ ನಮಸ್ಕಾರಗಳು. ನನ್ನ ವಕ್ರ ಅಕ್ಷರವನ್ನೂ ಕಾಗುಣಿತದ ತಪ್ಪುಗಳನ್ನೂ ಮೊದಲೇ ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೇ ತರಗತಿ, ಐದನೆಯದರ ಬಾಗಿಲನ್ನು ಹೊರಗಿನಿಂದ ಮಾತ್ರ ಕಂಡವಳು. ಈ ವಿಷಯವನ್ನು ಬಾಯಲ್ಲೇ ಹೇಳಬಹುದಿತ್ತು, ಆದರೆ ನಾಲ್ಕು ಜನರೆದುರು ಮಾತಾಡಬೇಕೆಂದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಅಲ್ಲದೆ ತಮಗೆ ಕೀಂ ಎಂದು ಕೂಗಲು ಬಾಯಿ ಉಂಟೇ ಹೊರತು ಕೇಳಲು ಕಿವಿ ಇಲ್ಲ. ಲೋಕದ ಕಿವಿಯನ್ನೆಲ್ಲ ಅಳೆಯುವವರಿಗೆ ತಮ್ಮದೊಂದು ಕಿವಿ ಇಲ್ಲದಿರುವುದು ದೊಡ್ಡವರ ಲಕ್ಷಣವೇ ಇರಬೇಕು.

ತಾವು ನಾಲ್ಕು ವಾರಕ್ಕೊಮ್ಮೆ, ಸೋಮವಾರ, ಊಟದ ಬಿಡುವು ಮುಗಿದ ಮೇಲೆ, ಬಿಳಿಯ ವ್ಯಾನಿನಲ್ಲಿ ಕೂತು ನಮ್ಮ ಪಿಂಗಾಣಿ ಕಾರ್ಖಾನೆಯ ಅಂಗಳಕ್ಕೆ ಬರುತ್ತೀರಿ. ವ್ಯಾನಿನೊಳಗಿನ ಪೆಟ್ಟಿಗೆಯಂಥ ಕೋಣೆಯಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿ, ಕಿವಿಗೆ ತಣ್ಣನೆಯ ಮುಚ್ಚಳಗಳನ್ನು ಹಾಕಿಸಿ, ಸೊಳ್ಳೆ ದೂರದಿಂದ ಕರೆದಂತೆ ಸಣ್ಣಗೆ ಸದ್ದು ಮಾಡುತ್ತೀರಿ. ಕೇಳಿದರೆ ಗುಂಡಿ ಒತ್ತಬೇಕು. ಎರಡು ಸಲ ನಾನು ಒತ್ತಬೇಕಾದಷ್ಟು ಒತ್ತಲಿಲ್ಲವಂತೆ. ಎರಡು ಸಲವೂ ನನ್ನ ಗುರುತು ಗೆರೆಯ ಕೆಳಗೆ ಒಂದು ಕೂದಲೆಳೆಯಷ್ಟು ಬಿತ್ತು. ಮೂರನೆಯ ಸಲವೂ ಬಿದ್ದರೆ ಮೇಜಿನಿಂದ ಎಬ್ಬಿಸಿ ಹುಲ್ಲು ತುಂಬುವ ಕೋಣೆಗೆ ಕಳಿಸುವುದೆಂದು ಮೇಸ್ತ್ರಿಗಳು ಸಾರಿದ್ದಾರೆ. ಆ ಮೂರನೆಯ ಸಲ ನಾಳೆ ಮಧ್ಯಾಹ್ನ.

ಹುಲ್ಲಿನ ಕೋಣೆ ಕೆಟ್ಟದ್ದೆಂದು ನಾನು ಹೇಳಲಾರೆ. ಅಲ್ಲಿ ಬಟ್ಟಲುಗಳು ಒಡೆಯದಂತೆ ಪೆಟ್ಟಿಗೆಯ ಹುಲ್ಲಿನಲ್ಲಿ ಮಲಗುತ್ತವೆ, ಹೆಂಗಸರು ಸೀನುತ್ತಾರೆ, ಅಷ್ಟೆ. ಆದರೆ ನನ್ನ ಮೇಜಿನ ಸಂಗತಿಯೇ ಬೇರೆ. ಭಟ್ಟಿಯಿಂದ ಬಂದ ಬಟ್ಟಲನ್ನು ಎಡ ಅಂಗೈಯಲ್ಲಿ ಕೂರಿಸಿ ಮರದ ಕಡ್ಡಿಯಿಂದ ಅಂಚಿಗೆ ಮೆಲ್ಲಗೆ ಬಡಿದರೆ, ಗಟ್ಟಿ ಬಟ್ಟಲು ಟಿಣ್ಣೆಂದು ಉದ್ದಕ್ಕೆ ಹಾಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಟಕ್ಕೆಂದು ಅಲ್ಲೇ ಸಾಯುತ್ತದೆ. ನಾನು ಒಡಕು ಎಂದರೆ ಒಡಕು. ಮೇಸ್ತ್ರಿಯಾಗಲಿ, ಭಟ್ಟಿಯವನಾಗಲಿ, ಮಾಲೀಕರಾಗಲಿ ಎರಡನೇ ಮಾತಾಡುವುದಿಲ್ಲ. ಮನೆಯಲ್ಲಿ ಅಣ್ಣ ನನ್ನ ಮಾತು ಮುಗಿಯುವ ಮೊದಲೇ ಎದ್ದು ಹೋಗುತ್ತಾನೆ, ಅಂಗಡಿಯವನು ನನ್ನ ಹಿಂದೆ ನಿಂತವರಿಗೆ ಮೊದಲು ಸಾಮಾನು ಕೊಡುತ್ತಾನೆ. ಈ ಭೂಮಿಯ ಮೇಲೆ ನನ್ನ ಒಂದು ಮಾತಿಗೆ ಎದುರಾಡದ ಜಾಗವೆಂದರೆ ಆ ಮೂರಡಿ ಮೇಜು ಮಾತ್ರ. ತಾವು ಗೆರೆ ಎಳೆದದ್ದು ಅದರ ನಡುವೆ.

ಹೋದ ಸಲ ನನ್ನ ಮುಖ ನೋಡಿ ತಮ್ಮ ಜೊತೆ ಬರುವ ನರ್ಸಮ್ಮನವರು ವ್ಯಾನಿನ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು, “ಮುಟ್ಟು ಯಾವಾಗ ಆಯ್ತೇ?” ಎಂದು ಮೆಲ್ಲಗೆ ಕೇಳಿದರು. ಇವತ್ತೇ ಬೆಳಗ್ಗೆ ಎಂದೆ. “ಮೊದಲ ಸಲ ಬಂದಾಗ?” ಆವತ್ತೂ ಬೆಳಗ್ಗೆ. ಅವರು ಹಣೆ ಚಚ್ಚಿಕೊಂಡರು. “ಈಸ್ಟ್ರೊಜೆನ್ ಅಂತ ಒಂದು ಹಾರ್ಮೋನು, ಒಳಗಿವಿಗೂ ಅದಕ್ಕೂ ನಂಟಿದೆ. ತಿಂಗಳ ನಡುವೆ ಅದು ಏರಿದಾಗ ಕೆಲವರಿಗೆ ಸಣ್ಣ ಸದ್ದೂ ಚುರುಕಾಗಿ ಕೇಳತ್ತೆ, ಮುಟ್ಟಿನ ಹೊತ್ತಿಗೆ ಇಳಿದಾಗ ಒಂದಿಷ್ಟು ಮಂದ. ಎಲ್ಲರಿಗೂ ಅಲ್ಲ ಮತ್ತೆ, ದೊಡ್ಡ ವ್ಯತ್ಯಾಸವೂ ಅಲ್ಲ, ಓದಿದವರೇ ಇದರ ಬಗ್ಗೆ ಇನ್ನೂ ಜಗಳಾಡ್ತಿದ್ದಾರೆ. ಆದರೆ ನೀನು ಬಿದ್ದಿರೋದೂ ಕೂದಲೆಳೆಯಷ್ಟೇ ಅಲ್ವೇನೇ?” ಎಂದರು. ತಮ್ಮ ಫಾರಂ ನೆಗಡಿ ಇದೆಯೇ, ಕಿವಿಯಲ್ಲಿ ಗುಗ್ಗೆ ಇದೆಯೇ, ಈಜಲು ಹೋಗಿದ್ದೆಯಾ, ಪಟಾಕಿಯ ಹತ್ತಿರ ನಿಂತಿದ್ದೆಯಾ ಎಂದೆಲ್ಲ ಅಕ್ಕರೆಯಿಂದ ವಿಚಾರಿಸುತ್ತದೆ. ಇದೊಂದನ್ನು ಕೇಳಲು ಮಾತ್ರ ಅದಕ್ಕೂ ನನ್ನ ಹಾಗೆಯೇ ನಾಚಿಕೆ.

ಮನೆಗೆ ಹೋಗಿ ಅತ್ತಿಗೆಗೆ ಹೇಳಿದೆ. ಅವಳು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದಳು. ತಾವು ಬರುವುದು ಇಪ್ಪತ್ತೆಂಟು ದಿನಕ್ಕೊಮ್ಮೆ. ನಾನು ಮುಟ್ಟಾಗುವುದೂ ಇಪ್ಪತ್ತೆಂಟು ದಿನಕ್ಕೊಮ್ಮೆ, ನಮ್ಮ ಕಾರ್ಖಾನೆಯ ಸೈರನ್ನಿಗಿಂತ ನಿಯತ್ತಾಗಿ. “ಹಾಗಾದ್ರೆ ನೀನು ಮುದುಕಿ ಆಗೋವರೆಗೂ ಆ ಪೆಟ್ಟಿಗೆ ಕಾಣೋದು ನಿನ್ನ ಆ ಒಂದು ದಿನದ ಮುಖಾನೇ ಕಣೇ!” ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿ, “ಮೇಸ್ತ್ರಿಗೆ ಬಾಯಿಬಿಟ್ಟು ಹೇಳು. ನಾನು ಬಂದು ಹೇಳಲ್ಲ” ಎಂದಳು. ನನ್ನ ಉಳಿದ ಇಪ್ಪತ್ತೇಳು ದಿನಗಳ ಪರಿಚಯವಿಲ್ಲದೆ ತಾವು ಹೇಗೆ ಬದುಕಿದ್ದೀರೋ ಎಂದು ನನಗೆ ನಿಜಕ್ಕೂ ಮರುಕವಾಯಿತು.

ಇನ್ನೊಂದು ಸಂಗತಿಯನ್ನು ತಮ್ಮ ಪಾದಕ್ಕೆ ಒಪ್ಪಿಸಬೇಕು. ನಮ್ಮ ಮೇಜಿಗೆ ತೆಳು ಬಟ್ಟಲುಗಳೂ ಬರುತ್ತವೆ, ಉಪ್ಪಿನಕಾಯಿಯ ದಪ್ಪ ಜಾಡಿಗಳೂ ಬರುತ್ತವೆ. ಬಟ್ಟಲಿನ ದನಿ ಸೂಜಿಯಷ್ಟು ಸಣ್ಣದು. ಜಾಡಿ ಎಮ್ಮೆಯ ಹಾಗೆ ಕೂಗುತ್ತದೆ. ಕಿವಿ ಮಂದವೆನಿಸಿದ ದಿನ ನಮ್ಮಲ್ಲಿ ಒಬ್ಬಳು “ಇವತ್ತು ನಾನು ಜಾಡಿ” ಎನ್ನುತ್ತಾಳೆ. ಪಕ್ಕದವಳು ಬಟ್ಟಲಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮೇಜಿನ ಹಿರಿಯಳಾದ ಗಂಟೆಯಕ್ಕ ಮದುವೆಗೆ ಮೊದಲು ಸೇರಿದವಳು, ಈಗ ಮೊಮ್ಮಕ್ಕಳಿದ್ದಾರೆ. ಅವಳು ಬಂದಾಗಲೇ ಈ ಪದ್ಧತಿ ಇತ್ತಂತೆ. “ನನಗೆ ಮುಟ್ಟು ನಿಂತಾಗ ಖುಷಿಪಟ್ಟೆ. ಆಮೇಲೆ ಕಿವಿ ಸುಮ್ಸುಮ್ನೆ ಮಂದ ಆಗೋಕೆ ಶುರುವಾಯ್ತು, ಅದಕ್ಕೆ ಕಾರಣ ಹೇಳೋಕೂ ಇಲ್ಲ ಈಗ” ಎನ್ನುತ್ತಾಳೆ. ತಾವು ವ್ಯಾನು, ಮುಚ್ಚಳ, ಗುಂಡಿ, ಗೆರೆ ಎಲ್ಲ ಹೊತ್ತು ತಂದು ಕಂಡುಹಿಡಿದದ್ದನ್ನು ನಮ್ಮ ಮೇಜಿನ ಆರು ಹೆಂಗಸರು ಒಂದು ಬುಟ್ಟಿ ಎಳೆದು ಮುಗಿಸಿದ್ದರು. ನನ್ನ ಕೈಯಿಂದ ಒಂದಾದರೂ ಒಡಕು ಬಟ್ಟಲು ಹೊರಗೆ ಹೋದದ್ದಿದ್ದರೆ ಮೇಸ್ತ್ರಿಗಳು ತೋರಿಸಲಿ. ಅವರು ದಿನಾ ನಮ್ಮ ಹಿಂದೆ ಓಡಾಡುತ್ತಾರೆ. ಆ ಬುಟ್ಟಿ ಓಡಾಡುವುದನ್ನು ಮಾತ್ರ ಇಷ್ಟು ವರ್ಷ ನೋಡಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳು. ಕಾರ್ಖಾನೆಯ ಕ್ಯಾಲೆಂಡರನ್ನು ನನ್ನ ಅಂಡಾಶಯಕ್ಕೆ ಒಂದು ಪ್ರತಿ ಕಳಿಸಿ, ಪರೀಕ್ಷೆಯ ದಿನ ಹಾಜರಿರಬಾರದೆಂದು ನೋಟೀಸು ಕೊಡಿಸಬೇಕು. ಅದು ಒಪ್ಪದಿದ್ದರೆ ವಾರಕ್ಕೆ ಎಂಟು ದಿನ ಮಾಡುವಂತೆ ಮೇಲಿನವರಿಗೆ ಬರೆಯಬೇಕು. ಆಗ ನಾವಿಬ್ಬರೂ ಒಂದೇ ದಿನ ಎದುರಾಗುವುದು ತಪ್ಪುತ್ತದೆ. ಅದೂ ಆಗದಿದ್ದರೆ ತಾವೇ ಒಂದು ತಿಂಗಳು ಮುಟ್ಟಾಗಿ ನೋಡಬೇಕು. ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟುವ ಜವಾಬ್ದಾರಿ ನನ್ನದು, ಗುಂಡಿಯನ್ನು ಗಂಟೆಯಕ್ಕ ಒತ್ತುತ್ತಾಳೆ. ಇವೆಲ್ಲ ಕಷ್ಟವೆನಿಸಿದರೆ ಕೊನೆಯದಾಗಿ ಒಂದು ಸಣ್ಣ ವಿನಂತಿ: ಎರಡು ವಾರ ಬಿಟ್ಟು ತಾವು ಪಕ್ಕದ ಬೀದಿಯ ಗಾಜಿನ ಕಾರ್ಖಾನೆಗೆ ಹೋಗುತ್ತೀರೆಂದು ನರ್ಸಮ್ಮ ಹೇಳಿದ್ದಾರೆ. ನಾನು ಅಲ್ಲಿಗೇ ನಡೆದು ಬಂದು ಕೂರುತ್ತೇನೆ. ಗೆರೆಯನ್ನು ಕೆಳಗಿಳಿಸಿ ಎಂದು ಕೇಳುತ್ತಿಲ್ಲ, ದಿನವನ್ನು ಬದಲಿಸಿ ಎನ್ನುತ್ತಿದ್ದೇನೆ. ಆವತ್ತೂ ಗೆರೆಯ ಕೆಳಗೆ ಬಿದ್ದರೆ ನಾನೇ ಎದ್ದು ಹುಲ್ಲಿನ ಕೋಣೆಗೆ ಹೋಗುತ್ತೇನೆ, ಯಾರೂ ಎಬ್ಬಿಸಬೇಕಾಗಿಲ್ಲ.

ತಮ್ಮ ಕೂಗು ಎಂದಿಗೂ ಸಣ್ಣದಾಗದಿರಲಿ ಎಂದು ಹಾರೈಸುತ್ತಾ,

ತಿಂಗಳಿನ ಒಂದೆರಡು ದಿನ ಬಿಟ್ಟು ಮಿಕ್ಕೆಲ್ಲ ದಿನ
ತಮ್ಮ ವಿಶ್ವಾಸಿ,
ಎಡತುದಿಯವಳು

ತಾ.ಕ.: ಈ ಪತ್ರ ಬರೆದು ಮುಗಿಸಿದ್ದು ನಿನ್ನೆ. ಇವತ್ತು ಬೆಳಗ್ಗೆ ಗೇಟಿನ ಹತ್ತಿರ ಮೇಸ್ತ್ರಿಗಳು ಎಂದಿನಂತೆ ನನ್ನ ಕಡೆ ನೋಡದೆ “ಏನಮ್ಮಾ, ಚೆನ್ನಾಗಿದೀಯಾ?” ಎಂದರು. ನಾನು ನಿಂತೆ. “ಇಲ್ಲ ಸಾರ್, ಮುಟ್ಟಾಗಿದೀನಿ, ಇವತ್ತು ಮೊದಲನೇ ದಿನ. ಕಿವಿ ಪರೀಕ್ಷೆ ಎರಡು ವಾರ ಬಿಟ್ಟು ಕೊಡ್ತೀನಿ” ಎಂದೆ. ಕಾವಲುಗಾರ, ಲಾರಿಯವನು, ಭಟ್ಟಿಯ ಇಬ್ಬರು, ಎಲ್ಲರೂ ಅಲ್ಲೇ ಇದ್ದರು. ಮೇಸ್ತ್ರಿಗಳು ಜೇಬಿನಿಂದ ಪಟ್ಟಿ ತೆಗೆದು, ತಲೆ ಎತ್ತದೆ, ಇವತ್ತಿನ ಸಾಲಿನಿಂದ ನನ್ನ ಹೆಸರನ್ನು ಹೊಡೆದುಹಾಕಿದರು. ಅವರ ಕಿವಿಯ ಬಗ್ಗೆ ತಮಗೆ ಚಿಂತೆ ಬೇಡ. ಒಂದೇ ಸಲಕ್ಕೆ ಕೇಳಿಸಿತು.