ಪಾಪ್ ಪದ್ಮರಾಜನ ಎರಡು ಮಾತು

“ಚಿದಾ, ಕುರ್ಚಿ ಸ್ವಲ್ಪ ಹಿಂದಕ್ಕೆ ಹಾಕ್ಕೋ. ಆಮೇಲೆ ಏನಾದ್ರೂ ಆದ್ರೆ ನಾನು ಜವಾಬ್ದಾರಿ ಅಲ್ಲ!” ಎಂದು ನಮ್ಮ ಭಾವ ಪರಶಿವಮೂರ್ತಿ ಬೆಡ್‌ಶೀಟನ್ನು ಸರಕ್ಕನೆ ಎಳೆದರು.

ಅಡಿಯಲ್ಲಿದ್ದದ್ದು ಬೆನ್ನು ಗೂನಿನ ಹಳೆಯ ಟಿ.ವಿ., ಅದರ ಮುಂದೆ ಅದಕ್ಕಿಂತ ಹಳೆಯ ವಿಡಿಯೋ ಗೇಮಿನ ಡಬ್ಬ. ಎರಡರ ನಡುವೆ ಭಾವನ ಹೊಸ ಆವಿಷ್ಕಾರ, ‘ಸ್ವರಸಂಚಾರಿ’. ಊಟದ ಕ್ಯಾರಿಯರ್ ಒಂದು ಸೀಮೆಎಣ್ಣೆ ಆಲಿಕೆಯನ್ನು ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡ ಹಾಗಿತ್ತು.

“ಏನು ಮಾಡುತ್ತೆ ಭಾವ ಇದು?”

“ಮೂಕರಿಗೆ ಮಾತು ಕೊಡುತ್ತೆ!”

ಟಿ.ವಿ. ಹೊತ್ತಿಕೊಂಡಿತು. ಪರದೆಯ ಮೇಲೆ ಗೇಣುದ್ದದ ಪಾಪ್ ಪದ್ಮರಾಜ್! ನಾವು ತುಮಕೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಹುಡುಗಿಯರ ಪುಸ್ತಕಗಳಲ್ಲೆಲ್ಲ ಇದ್ದ ಗಾಯಕ. ಬಿಳಿ ಕೋಟು, ಚಿನ್ನದ ಬಣ್ಣದ ಬೂಟು, ಹಣೆಗೆ ಪಟ್ಟಿ. ಅವನ ಹೆಸರಿನಲ್ಲಿ ಆಗ ಬಂದಿದ್ದ ಆಟವಿದು. ಪದ್ಮರಾಜ ವೇದಿಕೆಯ ಮೇಲೆ ಹಾರಬೇಕು, ಕುಣಿಯಬೇಕು. ಕೆಳಗೆ ಸಾಲುಸಾಲಾಗಿ ಚೌಕ ತಲೆಯ ಅಭಿಮಾನಿಗಳು. ಎಷ್ಟು ದೊಡ್ಡ ಗಾಯಕನಾದರೂ ಆಟದಲ್ಲಿ ಅವನ ಬಾಯಿಂದ ಬರುತ್ತಿದ್ದದ್ದು “ಟುಂಯ್, ಟುಂಯ್” ಮಾತ್ರ.

“ಅವನ ಕ್ಯಾಸೆಟ್ಟುಗಳನ್ನೆಲ್ಲ ಇದಕ್ಕೆ ಕುಡಿಸಿದೀನಿ ಕಣೋ. ಧ್ವನಿ ಒಳಗಿದೆ. ಹೊರಗೆ ಬರೋ ದಾರಿ ಗೊತ್ತಿಲ್ಲ ಅಷ್ಟೆ. ಒಂದು ಜೀವಂತ ಕಂಠ ತೋರಿಸಿದ್ರೆ ನೋಡಿ ಕಲಿಯುತ್ತೆ. ನೀನು ಹೇಗೂ ಮಿಮಿಕ್ರಿಯವನು, ಮಾತಾಡು!”

ನಾನು ಆಲಿಕೆಗೆ ಬಾಯಿಟ್ಟು, ಪದ್ಮರಾಜನದೇ ಮೂಗು ಧ್ವನಿಯಲ್ಲಿ, “ಹಲ್ಲೋ... ತುಮಕೂರ್!” ಎಂದೆ.

ಪದ್ಮರಾಜ ಕುಣಿಯುವುದನ್ನು ನಿಲ್ಲಿಸಿದ. ನನ್ನನ್ನೇ ನೋಡಿದ. ನಿಧಾನವಾಗಿ ಬೆನ್ನು ತಿರುಗಿಸಿ ನಿಂತ!

“ನಕಲಿ ಮಾಲು ಅಂತ ಗೊತ್ತಾಗೋಯ್ತು!” ಎಂದು ಭಾವ ನಕ್ಕರು. ನನಗೆ ನಗು ಬರಲಿಲ್ಲ. ಗೇಮಿನಲ್ಲಿ ಅವನ ಬೆನ್ನನ್ನು ಯಾರೂ ಬರೆದಿರಲಿಲ್ಲವಲ್ಲ? ಬಿಳಿ ಕೋಟಿನ ಹಿಂಭಾಗದಲ್ಲಿ ಬಣ್ಣವೇ ಇರಲಿಲ್ಲ. ಒಂದು ಕಪ್ಪು ಕಿಂಡಿಯಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ನಮ್ಮಕ್ಕ ಪ್ರಮೀಳಾ ಬಂದಳು. ಬಸ್ ಸ್ಟ್ಯಾಂಡಿನ ಅನೌನ್ಸರ್ ಅವಳು. ಇಷ್ಟು ವರ್ಷ ಹಂಗಾಮಿಯಾಗಿ ದುಡಿದ ಮೇಲೆ, ಮರುದಿನ ಧ್ವನಿ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ.

“ನಾಳೆ ನನಗೆ ಪರೀಕ್ಷೆ, ಇವತ್ತು ನಿಮ್ಮದು ಈ ಗಲಾಟೆ! ತಿಂಡಿ ತಟ್ಟೆ ಎತ್ತಿಡೋಕಾದ್ರೂ ಬರ‍್ರೀ ಅಂತ ಎಷ್ಟು ಸಲ ಕೂಗ—”

ಆಲಿಕೆ ಗಳಕ್ಕೆಂದಿತು.

ಅಕ್ಕನ ಬಾಯಿ ಆಡುತ್ತಲೇ ಇತ್ತು. ಬಂದದ್ದು ಮಾತ್ರ “ಟುಂಯ್!”

“—ಬೇಕ್ರೀ!” ಎಂದು ವಾಕ್ಯ ಮುಗಿಸಿದವನು ಪದ್ಮರಾಜ. ಅಕ್ಕನದೇ ಕಂಠ!

“ನೋಡ್ದಾ! ಕಲಿತುಬಿಡ್ತು!” ಭಾವ ಚಪ್ಪಾಳೆ ತಟ್ಟಿದರು.

“ಕಲಿತದ್ದಲ್ಲ ಭಾವ, ಕಿತ್ಕೊಂಡದ್ದು! ಅಕ್ಕನ ಮುಖ ನೋಡಿ!”

ಅಕ್ಕ ಗಂಟಲು ಹಿಡಿದುಕೊಂಡು “ಟುಂಯ್ ಟುಂಯ್” ಎಂದು ಭಾವನ ಮೇಲೆ ಎಗರಿದಳು. ಬೈಗುಳವೆಂದು ತಿಳಿಯಲು ಮಾತು ಬೇಕಿರಲಿಲ್ಲ.

ನಾನು ಓಡಿಹೋಗಿ ಪ್ಲಗ್ಗು ಕಿತ್ತೆ. ಟಿ.ವಿ. ಆರಿತು. ಪದ್ಮರಾಜ ಆರಲಿಲ್ಲ! ಕಪ್ಪು ಗಾಜಿನೊಳಗೆ ವೇದಿಕೆ ಸಮೇತ ಬೆಳ್ಳಗೆ ಉಳಿದ. ಹೊರಗೆ ಮಟಮಟ ಮಧ್ಯಾಹ್ನ. ಆ ಗಾಜಿನಲ್ಲಿ ಮಾತ್ರ ಕಿಟಕಿಯ ಬೆಳಕೂ ಕಾಣದು, ನಮ್ಮ ನೆರಳೂ ಕಾಣದು. ಅವನು ಒಂದು ಹೆಜ್ಜೆ ಮುಂದಿಟ್ಟ. ಮೊಳದಷ್ಟಾದ. ಒಳಗಿನಿಂದ ಗಾಜನ್ನು ಟಕ್ ಟಕ್ ಎಂದು ಬಡಿದ.

“ಭಾವ, ಅಭಿಮಾನಿಗಳು...” ಎಂದೆ.

ಇಷ್ಟು ಹೊತ್ತೂ ವೇದಿಕೆಯ ಕಡೆ ಮುಖ ಮಾಡಿದ್ದ ಆ ಚೌಕ ತಲೆಗಳೆಲ್ಲ ಈಗ ನಮ್ಮ ಕಡೆ ತಿರುಗಿದ್ದವು. ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು.

“ಪ್ರಯಾಣಿಕರ ಗಮನಕ್ಕೆ,” ಎಂದ ಪದ್ಮರಾಜ, ಅಕ್ಕನ ಬಸ್ ಸ್ಟ್ಯಾಂಡ್ ಕಂಠದಲ್ಲಿ. “ಶ್ರೀ ಪರಶಿವಮೂರ್ತಿಯವರು ಎಲ್ಲಿದ್ದರೂ ಕೂಡಲೇ ಒಳಗೆ ಬರಬೇಕಾಗಿ ವಿನಂತಿ.”

ಭಾವ ಎದ್ದರು! ಮದುವೆಯಾದ ದಿನದಿಂದ ಆ ಧ್ವನಿ ಕರೆದರೆ ಎದ್ದು ಹೋಗಿಯೇ ಅಭ್ಯಾಸ, ಪಾಪ. ಅಕ್ಕ ಅಂಗಿಯ ಕಾಲರ್ ಹಿಡಿದು ಜಗ್ಗಿದಳು, ನಾನು ಸೊಂಟ ಹಿಡಿದೆ. ಆದರೂ ಕೈ ಚಾಚಿ ಗಾಜನ್ನು ಮುಟ್ಟೇ ಬಿಟ್ಟರು. ಬೆರಳುಗಳು ತಣ್ಣನೆ ಒಳಗಿಳಿದವು. ಎಳೆದು ನೋಡಿದರೆ ತುದಿಗಳೆಲ್ಲ ಚೌಕ!

“ಬಿಡ್ರೋ, ಪ್ರಮೀಳಾ ಕರೀತಿದಾಳೆ...” ಎಂದು ಭಾವ ಗೋಗರೆದರು.

“ಪ್ರಮೀಳಾ ಇಲ್ಲೇ ನಿಮ್ಮ ಕತ್ತು ಹಿಡ್ಕೊಂಡಿದಾಳೆ, ಭಾವ!”

“ಎರಡನೇ ಹಾಗೂ ಕೊನೆಯ ಕರೆ,” ಎಂದಿತು ಗಾಜು. ಅಕ್ಕನ ಕಣ್ಣಲ್ಲಿ ನೀರು. ಕೆಲಸವೂ ಹೋಯಿತು, ಗಂಡನೂ ಹೊರಟ!

ಆಗ ನನಗೆ ಹೊಳೆಯಿತು. ಇವನೇನು ದೆವ್ವವಲ್ಲ, ಕಲಾವಿದ. ವೇದಿಕೆ ಹತ್ತಿ ಇಷ್ಟು ವರ್ಷವಾದರೂ ಯಾರೂ ಕಾರ್ಯಕ್ರಮ ಮುಗಿಸಿಲ್ಲ! ಸನ್ಮಾನವಾಗದೆ ಇಳಿದುಹೋದ ಕಲಾವಿದನನ್ನು ನಮ್ಮೂರಲ್ಲಿ ನಾನಂತೂ ಕಂಡಿಲ್ಲ.

ಭಾವನನ್ನು ಅಕ್ಕನ ಸುಪರ್ದಿಗೆ ಬಿಟ್ಟು ಎದ್ದು ನಿಂತೆ. ಯುವಕ ಸಂಘದ ಕಾರ್ಯದರ್ಶಿಯ ಧ್ವನಿ ತೆಗೆದೆ. “ಆತ್ಮೀಯರೇ! ಇದೀಗ ಮಾನ್ಯ ಪದ್ಮರಾಜ್ ಅವರಿಗೆ ಸನ್ಮಾನ! ಶಾಲು ಹೊದಿಸಿ, ಫಲ ತಾಂಬೂಲ ನೀಡಿ...”

ಪದ್ಮರಾಜ ತಟ್ಟನೆ ಕೋಟು ಸರಿಮಾಡಿಕೊಂಡ! ನಾನು ಟಿ.ವಿ.ಯ ಗೂನು ಬೆನ್ನಿಗೆ ಬೆಡ್‌ಶೀಟು ಹೊದಿಸಿದೆ, ಮೇಲೆ ನಾಲ್ಕು ಬಾಳೆಹಣ್ಣಿಟ್ಟೆ. ಅವನು ಕೈಮುಗಿದು, ಕತ್ತು ಬಾಗಿಸಿ, ಫೋಟೋಗೆ ನಿಂತ.

“ಈಗ ಸನ್ಮಾನಿತರಿಂದ ಎರಡು ಮಾತು!”

ಗದ್ಗದಿತನಾಗಿ, ಅಕ್ಕನ ಕಂಠದಲ್ಲಿ, ಸನ್ಮಾನಿತರೆಲ್ಲರೂ ಹೇಳುವುದನ್ನೇ ಹೇಳಿದ: “ಈ ಸನ್ಮಾನ ನನ್ನದಲ್ಲ, ನಿಮ್ಮದು. ನನ್ನ ಕಂಠ ಅಭಿಮಾನಿಗಳ ಸ್ವತ್ತು.”

ಸ್ವರಸಂಚಾರಿಗೆ ವೇದಿಕೆಯ ಸೌಜನ್ಯ ಗೊತ್ತಿಲ್ಲ. ಹೇಳಿದ್ದನ್ನು ಹಾಗೇ ನಡೆಸಿಕೊಟ್ಟಿತು! ಆಲಿಕೆ ಒಮ್ಮೆ ಸೀನಿತು. ನಾನು ಉಸಿರು ಬಿಡದೆ ಮೈಕಿನವರಿಂದ ಹಿಡಿದು ಶಾಮಿಯಾನದವರವರೆಗೆ ವಂದನಾರ್ಪಣೆ ಮುಗಿಸಿದೆ. ಚೌಕ ತಲೆಗಳು ಎದ್ದು, ಒಂದೊಂದಾಗಿ ಕತ್ತಲೊಳಗೆ ನಡೆದವು. ಪದ್ಮರಾಜ ಕೊನೆಯವನಾಗಿ ಹೋದ. ಗಾಜಿನಲ್ಲಿ ಖಾಲಿ ವೇದಿಕೆ ಉಳಿಯಿತು.

“ಅಕ್ಕಾ, ಮಾತಾಡೇ!”

ಅಕ್ಕ ಬಾಯಿ ತೆರೆದಳು. “ನಿಮ್ಮ ಯಂತ್ರಕ್ಕಿಷ್ಟು ಬೆಂಕಿ ಹಾಕ!” ಎಂದು ಮೂಗಿನಲ್ಲಿ, ಗಿಟಾರ್ ಸಮೇತ, ಪದ್ಮರಾಜನ ಕಂಠದಲ್ಲಿ ಹಾಡಿದಳು. ‘ನನ್ನ ಕಂಠ’ ಎಂದಿದ್ದನಲ್ಲ, ಅವನ ಕಂಠ ಇವಳಿಗೆ. ಇವಳ ಕಂಠ ಅವನ ಜೊತೆಗೇ ಹೊರಟುಹೋಗಿತ್ತು. ಈಗಲೂ ಒಮ್ಮೊಮ್ಮೆ ಬೀದಿಯ ಯಾವುದಾದರೊಂದು ಆರಿದ ಟಿ.ವಿ.ಯಿಂದ ಅದು ಯಾರನ್ನೋ ಒಳಗೆ ಕರೆಯುವುದು ಕೇಳಿಸುತ್ತದೆ. ನಾವು ಭಾವನ ಕಿವಿಗೆ ಹತ್ತಿ ತುರುಕಿ ಸುಮ್ಮನಾಗುತ್ತೇವೆ.

ಮರುದಿನ ಅಕ್ಕ ಅಳುತ್ತಲೇ ಪರೀಕ್ಷೆಗೆ ಹೋದಳು. ಗುಬ್ಬಿ, ನಿಟ್ಟೂರು, ತಿಪಟೂರು ಎಂದು ಒಂದೇ ಒಂದು ಪ್ರಕಟಣೆ ಓದಿದಳಂತೆ. ಅಧಿಕಾರಿಗಳು ಕಣ್ಣು ಮಿಟುಕಿಸದೆ ಕೂತಿದ್ದು, ಕೊನೆಗೆ “ಒನ್ಸ್ ಮೋರ್” ಎಂದರಂತೆ. ಕೆಲಸ ಖಾಯಂ!

ತೊಂದರೆ ಒಂದೇ. ಅಕ್ಕ ಮೈಕು ಹಿಡಿದರೆ ಸಾಕು, ನಿಲ್ದಾಣದ ಜನವೆಲ್ಲ ಧ್ವನಿವರ್ಧಕದ ಕಡೆ ಮುಖ ತಿರುಗಿಸಿ, ಸಾಲುಸಾಲಾಗಿ, ಅಲುಗದೆ ನಿಂತುಬಿಡುತ್ತಾರೆ; ಬಸ್ಸುಗಳು ಖಾಲಿ ಹೊರಡುತ್ತವೆ. ಡಿಪೊ ಮ್ಯಾನೇಜರು ಮೊನ್ನೆ ಕರೆಸಿ ಹೇಳಿದ್ದಾರೆ: ಬಸ್ಸು ಹೊರಡುವವರೆಗೆ ಪಲ್ಲವಿ ಮಾತ್ರ, ಚರಣ ಬೇಕಾದವರು ಮುಂದಿನ ಬಸ್ಸಿಗೆ ಕಾಯತಕ್ಕದ್ದು.