ನಮ್ಮೂರಿನ ಮೌನವನ್ನು ದುರುಪಯೋಗಪಡಿಸಿಕೊಂಡ ಆಪ್ತಸಮಾಲೋಚಕಿಯವರಿಗೆ

ಮಾನ್ಯ ಶ್ರೀಮತಿ ರೀಕ್ಕಾ ಪೂಸ್ತಿನೆನ್ ಅವರ ಸನ್ನಿಧಿಗೆ,
ಆರೋಗ್ಯ ಕೇಂದ್ರ, ಮೇಲಂತಸ್ತು, ದಂತವೈದ್ಯರ ಎದುರು ಬಾಗಿಲು.

ಮಾನ್ಯರೇ,

ಸರೋವರದ ಮಂಜುಗಡ್ಡೆ ಇನ್ನೂ ಕರಗದಿದ್ದರೂ ಅದರ ಮೇಲೆ ಕಾಲಿಡುವ ಧೈರ್ಯ ಮಾತ್ರ ಯಾರಲ್ಲಿಯೂ ಉಳಿಯದಿರುವ ಈ ಏಪ್ರಿಲ್ ಮಾಸದಲ್ಲಿ, ತಾವೂ ತಮ್ಮ ಮನೆಯವರೂ ತಮ್ಮ ಕಿಟಕಿಯಲ್ಲಿ ಸೊರಗುತ್ತಿರುವ ಜೆರೇನಿಯಂ ಗಿಡವೂ ಕ್ಷೇಮದಿಂದಿರುವಿರೆಂದು ಆಶಿಸುತ್ತಾ, ಫಿನ್ಲೆಂಡಿನ ಈ ಚಿಕ್ಕ ಪಟ್ಟಣದಲ್ಲಿ ಜೀವಮಾನವೆಲ್ಲ ಮಾತೃಭಾಷೆಯನ್ನು ಬೋಧಿಸಿ ನಿವೃತ್ತನಾಗಿರುವ ನಾನು, ಟೌನೊ ಹಕ್ಕರಾಯ್ನೆನ್, ತಮ್ಮ ವಿರುದ್ಧ ಒಂದು ದೂರನ್ನು ಅತ್ಯಂತ ಗೌರವಪೂರ್ವಕವಾಗಿ ಮಂಡಿಸುತ್ತಿದ್ದೇನೆ. ಇದನ್ನು ಲಕೋಟೆಯಲ್ಲಿಟ್ಟು ಕಳುಹಿಸದೆ ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ: ನಾನು ತಮ್ಮಲ್ಲಿಗೆ ಬರುತ್ತಿರುವ ಸಂಗತಿ ಊರಿಗೆಲ್ಲ ತಿಳಿದಿರುವುದರಿಂದ, ಲಕೋಟೆಯ ಅಂಟು ವ್ಯರ್ಥವಾದೀತು.

ಮೊದಲಿಗೆ, ನಾನು ತಮ್ಮ ಬಾಗಿಲಿಗೆ ಬಂದ ಬಗೆ. ಕಳೆದ ಶರತ್ಕಾಲದಲ್ಲಿ, ನಮ್ಮ ಶಾಲೆಯಲ್ಲಿಯೇ ಗಣಿತವನ್ನು ಬೋಧಿಸುತ್ತಿದ್ದ ನನ್ನ ಸ್ನೇಹಿತ ಓಸ್ಮೊ ತೀರಿಕೊಂಡ. ಆತನೂ ನಾನೂ ಪ್ರತಿ ಶನಿವಾರ ನಮ್ಮ ಮನೆಯ ಸೌನಾದಲ್ಲಿ, ಒಲೆಯ ಕಲ್ಲುಗಳಿಗೆ ನೀರೆರಚುತ್ತಾ, ಹಬೆಯ ಕತ್ತಲಲ್ಲಿ ಒಂದೇ ಹಲಗೆಯ ಮೇಲೆ ಬೆವರುತ್ತಾ ಕೂರುತ್ತಿದ್ದೆವು. ಆತ ಹೋದ ಮೇಲೆ ನಾನು ಸೌನಾದ ಒಲೆ ಹೊತ್ತಿಸುವುದನ್ನು ನಿಲ್ಲಿಸಿದೆ. ಪತ್ನಿ ಹಿಲ್ಕಾ ಕೇಳಿದಾಗ, ಚಿಮಣಿ ಬಿರುಕು ಬಿಟ್ಟಿದೆಯೆಂದು ಹೇಳಿದೆ. ಆಕೆ ಟವಲನ್ನು ಕಂಕುಳಲ್ಲಿಟ್ಟುಕೊಂಡು ನೆರೆಮನೆಯ ಸೌನಾಕ್ಕೆ ಹೋಗತೊಡಗಿದಳು. ಸ್ವಂತ ಸೌನಾ ಇರುವ ಗೃಹಿಣಿ ಹೀಗೆ ಬೀದಿ ದಾಟುವುದು ನಮ್ಮಲ್ಲಿ ಎಂತಹ ಸುದ್ದಿಯೆಂಬುದನ್ನು ಇದೇ ಜಿಲ್ಲೆಯವರಾದ ತಮಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ನಾನಾಡುತ್ತಿದ್ದ ಮಾತುಗಳು ಬರಬರುತ್ತಾ ಆಕೆಯ ವಾಕ್ಯಗಳ ತಿದ್ದುಪಡಿಗಷ್ಟೇ ಸೀಮಿತವಾದವು. ಕ್ರಿಸ್‌ಮಸ್ ಮರವನ್ನು ಹೊರಗೆ ಹಾಕಿದ ದಿನ ಹಿಲ್ಕಾ ನನ್ನ ಮುಂದೆ ನಿಂತು, "ನೋಡು ಟೌನೊ, ಈಸ್ಟರ್ ತನಕ ಕಾಯ್ತೀನಿ. ಅಷ್ಟರೊಳಗೆ ಯಾರ ಹತ್ರಾನಾದ್ರೂ ಹೋಗಿ ಬಾಯ್ಬಿಟ್ಟು ಮಾತಾಡು. ಇಲ್ದಿದ್ರೆ ನಾನು ಕುವೊಪಿಯೊಗೆ, ಅಕ್ಕನ ಮನೆಗೆ ಹೋಗಿಬಿಡ್ತೀನಿ. ಪರೀಕ್ಷಕನ ಜೊತೆ ಸಂಸಾರ ಮಾಡೋಕೆ ನನ್ನಿಂದಾಗಲ್ಲ," ಎಂದಳು. ಆ ವಾಕ್ಯಗಳಲ್ಲಿ ತಿದ್ದಬೇಕಾದದ್ದೇನೂ ನನಗೆ ಕಾಣಲಿಲ್ಲ.

ತಮ್ಮಲ್ಲಿಗೆ ಬರುವ ನಿರ್ಧಾರವನ್ನು ನಾನು ಹಗುರವಾಗಿ ಕೈಗೊಳ್ಳಲಿಲ್ಲ. ಜನವರಿಯುದ್ದಕ್ಕೂ ಆರೋಗ್ಯ ಕೇಂದ್ರದವರೆಗೆ ನಡೆದುಬಂದು, ಪಕ್ಕದ ಗ್ರಂಥಾಲಯದೊಳಗೆ ನುಗ್ಗಿ, ಬೇಕಿಲ್ಲದ ಪುಸ್ತಕಗಳನ್ನು ಹೊತ್ತು ಹಿಂದಿರುಗಿದೆ. ಜೇನುಸಾಕಣೆಯ ಬಗ್ಗೆ ಈಗ ನನಗೆ ಅಗತ್ಯಕ್ಕಿಂತ ಹೆಚ್ಚು ತಿಳಿದಿದೆ. ಕಡೆಗೊಂದು ದಿನ ಕಾರನ್ನು ದೂರದ ಅಂಗಡಿಯೊಂದರ ಮುಂದೆ ನಿಲ್ಲಿಸಿ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಮೇಲಂತಸ್ತಿಗೆ ಬಂದರೆ, ಕಾಯುವ ಕುರ್ಚಿಯಲ್ಲಿ ನಮ್ಮ ಚರ್ಚಿನ ಆರ್ಗನ್ ವಾದಕ ಕೂತಿದ್ದ. "ಹಲ್ಲು ತೋರಿಸ್ಬೇಕಿತ್ತು," ಎಂದ, ಕೇಳುವ ಮೊದಲೇ. "ನಂದೂ ಹಲ್ಲೇ," ಎಂದೆ. ಆತನ ಬಾಯಲ್ಲಿ ಸ್ವಂತದ್ದೆನ್ನಬಹುದಾದ ಹಲ್ಲು ಒಂದೂ ಇಲ್ಲವೆಂಬುದು ಇಡೀ ಚರ್ಚಿಗೆ ಗೊತ್ತು. ತಮ್ಮ ಬಾಗಿಲು ತೆರೆದು, "ಟೌನೊ, ಬನ್ನಿ ಒಳಗೆ," ಎಂಬ ಕರೆ ಬಂದಾಗ, ಆತ ದಂತಕ್ಷಯದ ಭಿತ್ತಿಪತ್ರವನ್ನು ಎಷ್ಟು ತನ್ಮಯನಾಗಿ ಓದುತ್ತಿದ್ದನೆಂದರೆ, ಅಂತಹ ಸಭ್ಯತೆಗೆ ನಾನು ಜೀವನಪರ್ಯಂತ ಋಣಿ. ಮರುದಿನವೇ ಊರಿಗೆಲ್ಲ ಹೇಳಿದವನೂ ಆತನೇ ಎಂಬುದು ಬೇರೆ ವಿಷಯ.

ಇನ್ನು ತಮ್ಮ ಕೋಣೆಯ ವ್ಯವಸ್ಥೆ. ಸಿನಿಮಾಗಳಲ್ಲಿರುವಂತೆ, ಮಲಗಿಕೊಂಡು ಮಾತನಾಡಲೆಂದು ಒಂದು ಮಂಚವನ್ನು ನಾನು ನಿರೀಕ್ಷಿಸಿದ್ದೆ. ಮಲಗುವುದು ಅನಿವಾರ್ಯವಾದೀತೆಂದು ಹಿಲ್ಕಾ ನನಗೆ ಹೊಸ ಉಣ್ಣೆಯ ಕಾಲುಚೀಲಗಳನ್ನೇ ಹೆಣೆದುಕೊಟ್ಟಿದ್ದಳು. ಗಡ್ಡವುಳ್ಳ ವಿದ್ವಾಂಸರೊಬ್ಬರನ್ನೂ, ಶಾಯಿಯ ಕಲೆಗಳನ್ನೂ, ನನ್ನ ತಾಯಿಯ ಬಗ್ಗೆ ಅಸಭ್ಯ ಪ್ರಶ್ನೆಗಳನ್ನೂ, ಕೊನೆಯಲ್ಲಿ ಲಿಖಿತ ತೀರ್ಪನ್ನೂ ನಿರೀಕ್ಷಿಸಿದ್ದೆ. ಸಿಕ್ಕಿದ್ದು ಎದುರುಬದುರಾದ ಎರಡು ಕುರ್ಚಿ, ಒಂದು ಕಾಗದದ ಕರವಸ್ತ್ರಗಳ ಪೆಟ್ಟಿಗೆ, ಮತ್ತು ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ವಯಸ್ಸಿನ ತಾವು. ಇಲ್ಲಿ ಆಡಿದ್ದು ಇಲ್ಲಿಯೇ ಉಳಿಯುತ್ತದೆ, ಬೇಡವೆನಿಸಿದರೆ ಎದ್ದು ಹೋಗಬಹುದು, ಸರಿಯುತ್ತರ ತಪ್ಪುತ್ತರ ಎಂಬುದಿಲ್ಲ ಎಂದು ತಾವು ತಿಳಿಸಿದಿರಿ. ಸರಿಯುತ್ತರವೇ ಇಲ್ಲದ ಪ್ರಶ್ನೆಗಳನ್ನು ಕೇಳುವುದಕ್ಕೆ ಸರ್ಕಾರ ತಮಗೆ ಸಂಬಳ ಕೊಡುತ್ತಿದೆಯೆಂದು ತಿಳಿದು, ಇಷ್ಟು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಆದ ನೋವನ್ನು ಮಾತ್ರ ಇಲ್ಲಿ ನಮೂದಿಸುತ್ತೇನೆ. ಬಳಿಕ, "ಎಲ್ಲಿಂದ ಬೇಕಾದ್ರೂ ಶುರು ಮಾಡ್ಬಹುದು," ಎಂದು ಹೇಳಿ ತಾವು ಸುಮ್ಮನಾದಿರಿ.

ದೂರಿನ ತಿರುಳಿರುವುದು ಇಲ್ಲಿ. ಮಾನ್ಯರೇ, ನಮ್ಮಲ್ಲಿ ಎದುರಿಗಿರುವವರು ಸುಮ್ಮನಾದರೆ, ಅದು ಅವರು ನಮಗೆ ತೋರುವ ಮರ್ಯಾದೆ. ಅದನ್ನು ಅಷ್ಟೇ ಮರ್ಯಾದೆಯಿಂದ ಹಿಂದಿರುಗಿಸುವುದು ಸಭ್ಯನ ಕರ್ತವ್ಯ. ತಾವು ಸುಮ್ಮನಿದ್ದಿರಿ, ನಾನೂ ಸುಮ್ಮನಿದ್ದೆ. ಛಾವಣಿಯಿಂದ ಹಿಮದ ಗಡ್ಡೆಯೊಂದು ಜಾರಿ ಬಿತ್ತು; ಇಬ್ಬರೂ ಅದರ ಬಗ್ಗೆ ಏನೂ ಹೇಳಲಿಲ್ಲ. ತಾವು ಮೃದುವಾಗಿ ತಲೆಯಾಡಿಸಿದಿರಿ, ನಾನೂ ಆಡಿಸಿದೆ. ಇಷ್ಟು ಒಳ್ಳೆಯ ಸಂಸ್ಕಾರದ ತರುಣಿಯನ್ನು ಈಚಿನ ದಿನಗಳಲ್ಲಿ ಕಂಡಿರಲಿಲ್ಲವೆಂದು ಮನಸ್ಸಿನಲ್ಲಿಯೇ ಮೆಚ್ಚಿಕೊಂಡು, ನಿಗದಿತ ವೇಳೆ ಮುಗಿಯಲು ಕೈಕುಲುಕಿ, ಹಗುರವಾದ ಹೆಜ್ಜೆಗಳಿಂದ ಮನೆಗೆ ಬಂದೆ.

"ಏನ್ ಹೇಳ್ದೆ ಅವ್ರಿಗೆ?" ಎಂದು ಹಿಲ್ಕಾ ಸಾರಿನ ಪಾತ್ರೆಯ ಮುಂದಿನಿಂದಲೇ ಕೇಳಿದಳು. ಏನೂ ಇಲ್ಲವೆಂದೆ. "ಅವ್ರೇನ್ ಹೇಳಿದ್ರು?" ಅವರೂ ಏನೂ ಹೇಳಲಿಲ್ಲ, ಬಹಳ ಯೋಗ್ಯ ಹೆಂಗಸು ಎಂದೆ. ಆಕೆ ಸೌಟನ್ನು ಕೆಳಗಿಟ್ಟಳು. "ಬಾಯಿ ಮುಚ್ಕೊಂಡ್ ಕೂರೋಕೆ ಅಲ್ಲಿವರ್ಗೂ ಯಾಕಪ್ಪಾ ಹೋಗ್ಬೇಕಿತ್ತು? ಇಲ್ಲಿ ನನ್ ಮುಂದೆ ದಿನಾ ಮಾಡ್ತಿರೋದು ಅದೇ ತಾನೇ?"

ಎರಡನೆಯ ಭೇಟಿಯಲ್ಲಿಯೂ ನಾವಿಬ್ಬರೂ ಪರಸ್ಪರ ಗೌರವದಲ್ಲಿ ಮುಳುಗಿದ್ದಾಗ, ತಾವು ಇದ್ದಕ್ಕಿದ್ದಂತೆ ನಕ್ಕುಬಿಟ್ಟಿರಿ. "ಟೌನೊ, ನೀವು ಮಾತಾಡ್ಲಿ ಅಂತ ನಾನು ಸುಮ್ನಿರೋದು." "ತಮ್ಮ ಮರ್ಯಾದೆಗೇಂತ ನಾನು ಸುಮ್ನಿರೋದು," ಎಂದೆ ನಾನು. ನಮ್ಮ ಪೂರ್ವಜರು ವಿಶ್ರಾಂತಿಗೆಂದು ಬೆಳೆಸಿಕೊಂಡು ಬಂದ ಮೌನವನ್ನು ತಾವು ಮನುಷ್ಯರ ಬಾಯಿ ತೆರೆಸುವ ಉಪಕರಣವನ್ನಾಗಿ ಬಳಸುತ್ತಿದ್ದಿರಿ! ಇದರ ದುಷ್ಪರಿಣಾಮಗಳು ಅಪಾರ. ಈಗ ಬಸ್ಸಿನಲ್ಲಿ ಯಾರಾದರೂ ತಮ್ಮ ಪಾಡಿಗೆ ಸುಮ್ಮನೆ ಕೂತಿದ್ದರೆ, ಇವರು ನನ್ನಿಂದ ಏನನ್ನೋ ಹೊರಡಿಸಲು ಯತ್ನಿಸುತ್ತಿರುವರೆಂಬ ಶಂಕೆ ನನ್ನನ್ನು ಕಾಡುತ್ತದೆ. ಮೊನ್ನೆ ಅಂಚೆ ಕಚೇರಿಯಲ್ಲಿ, ಅಂಚೆಚೀಟಿ ಹುಡುಕುತ್ತಾ ಸುಮ್ಮನಾದ ಅಪರಿಚಿತ ಗುಮಾಸ್ತೆಗೆ ನನ್ನ ಮೊಣಕಾಲ ನೋವಿನ ಸಮಗ್ರ ಇತಿಹಾಸವನ್ನು ನಿರೂಪಿಸಿಬಿಟ್ಟೆ. ಆದಕಾರಣ, ತಾವು ಬಳಸುವ ಮೌನಕ್ಕೆ ಯಾವುದಾದರೊಂದು ವಾಸನೆಯನ್ನೋ ಬಣ್ಣವನ್ನೋ ಬೆರೆಸಿ, ನಾಡಿನ ಸಾಮಾನ್ಯ ಮೌನದಿಂದ ಅದನ್ನು ಬೇರ್ಪಡಿಸಿ ಗುರುತಿಸುವಂತೆ ಮಾಡಬೇಕೆಂದು ಕೋರುತ್ತೇನೆ.

ಆ ಬಳಿಕ ತಾವು, "ಹಾಗಾದ್ರೆ ನೀವು ಮಾತಾಡೋದೆಲ್ಲಿ?" ಎಂದು ಕೇಳಿದಿರಿ. ಸೌನಾದಲ್ಲಿ ಎಂದೆ. "ಯಾರ ಜೊತೆ?" ಆ ಪ್ರಶ್ನೆಗೆ ಸರಿಯುತ್ತರವಿತ್ತು, ಆದರೆ ನಾನು ಟೋಪಿಯ ಹೊಲಿಗೆಗಳನ್ನು ಎಣಿಸತೊಡಗಿದೆ. ತಾವು ಎದ್ದು, ತಮ್ಮ ಕುರ್ಚಿಯನ್ನೆತ್ತಿ ತಂದು ನನ್ನ ಪಕ್ಕಕ್ಕಿಟ್ಟು, ನನ್ನ ಕುರ್ಚಿಯನ್ನೂ ಕಿಟಕಿಯತ್ತ ತಿರುಗಿಸಲು ಹೇಳಿದಿರಿ. ಮುಂದೆ ಕಾರುಗಳ ನಿಲುಗಡೆ, ಯಂತ್ರವು ಗುಡ್ಡೆ ಹಾಕಿದ ಕೊಳಕು ಹಿಮದ ರಾಶಿ. ಮುಖ ನೋಡಬೇಕಾದ ಬಾಧ್ಯತೆ ತಪ್ಪಿದೊಡನೆ, ಆ ರಾಶಿಯನ್ನುದ್ದೇಶಿಸಿ ನಾನು ಓಸ್ಮೊನ ಹೆಸರನ್ನು ಉಚ್ಚರಿಸಿದೆ. ಆ ಮೇಲೆ ನಡೆದದ್ದರಲ್ಲಿ ತಮ್ಮ ಕಾಗದದ ಕರವಸ್ತ್ರಗಳು ಗಣನೀಯ ಪ್ರಮಾಣದಲ್ಲಿ ವ್ಯಯವಾದವು. ಹೆಂಡತಿ ಮನೆಯಲ್ಲಿ ಉಳಿದರೆ ಸಾಕೆಂದು ಬಂದವನಿಗೆ, ಹೇಳದೆ ಕೇಳದೆ, ಇಡೀ ದುಃಖವನ್ನೇ ಕೈಗಿತ್ತ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಅದನ್ನು ವಾಪಸು ಪಡೆಯುವ ಏರ್ಪಾಡೇನಾದರೂ ಇದ್ದರೆ ದಯವಿಟ್ಟು ತಿಳಿಸಿರಿ.

ಹೀಗೆ ಕೆಲವು ವಾರ ನಾನು ತಮ್ಮ ಕಿಟಕಿಯೆದುರು ವಾಚಾಳಿಯಾಗಿಯೂ ಮನೆಯಲ್ಲಿ ಎಂದಿನಂತೆ ಮೂಕನಾಗಿಯೂ ಬಾಳಿದೆ. ಗೃಹಪಾಠ ಕೊಡಿರೆಂದು ಕೇಳಿದ್ದಕ್ಕೆ ತಾವು, "ಇದನ್ನೇ ಹಿಲ್ಕಾಗೂ ಹೇಳಬಹುದಲ್ವಾ?" ಎಂದಿರಿ, ಹೇಗೆಂದು ಮಾತ್ರ ಹೇಳಲಿಲ್ಲ. ಅಡುಗೆಮನೆಯ ಮೇಜಿನ ಬಳಿ ಆಕೆಯೆದುರು ಕೂತು ಬಾಯಿ ತೆರೆದೆ. ಸಾರಿಗೆ ಉಪ್ಪು ಸಾಲದೆಂಬ ವಾಕ್ಯ ಹೊರಬಿತ್ತು. ನನ್ನ ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಸರಿಸಿಕೊಂಡು, ಇಬ್ಬರೂ ತಂಗಳುಪೆಟ್ಟಿಗೆಯತ್ತ ಮುಖ ಮಾಡುವಂತೆ ಕೂತೆ. "ಇದೇನ್ ಬಸ್ಸಾ?" ಎಂದು ಕೇಳಿ ಹಿಲ್ಕಾ ತಟ್ಟೆಯೆತ್ತಿಕೊಂಡು ಟೀವಿಯ ಕೋಣೆಗೆ ಹೋದಳು. ಈಸ್ಟರ್ ಹಿಂದಿನ ಶನಿವಾರ ಆಕೆ ಪೆಟ್ಟಿಗೆ ಕಟ್ಟಿದಳು. ಜಗಳವಿಲ್ಲ, ಕಣ್ಣೀರಿಲ್ಲ. "ರೈಲಿಗೆ ಹೋಗ್ತೀನಿ," ಎಂದಳು. ಹಬ್ಬದ ರೈಲಿನಲ್ಲಿ ನೂಕುನುಗ್ಗಲಿರುತ್ತದೆ, ನಾನೇ ಕಾರಿನಲ್ಲಿ ಬಿಟ್ಟು ಬರುತ್ತೇನೆಂದೆ. ಪತ್ನಿ ಮನೆ ಬಿಟ್ಟು ಹೊರಟಾಗ ಆಡಬೇಕಾದ ಮಾತು ಇದಲ್ಲವೆಂಬುದು ನನಗೂ ತಿಳಿದಿತ್ತು.

ಕಾರು ಊರು ದಾಟಿತು. ಇಬ್ಬರ ಮುಂದೆಯೂ ಒದ್ದೆ ರಸ್ತೆ, ಎರಡೂ ಕಡೆ ಕರಿಯ ಸ್ಪ್ರೂಸ್ ಮರಗಳು. ಮುಖ ನೋಡುವಂತಿಲ್ಲ, ನೋಡಿದರೆ ಕಂದಕ. ಚಿಮಣಿಗೆ ಏನೂ ಆಗಿಲ್ಲವೆಂದು ನಾನು ಕಾರಿನ ಮುಂಗಾಜನ್ನು ಒರೆಸುತ್ತಿದ್ದ ಕಡ್ಡಿಗಳಿಗೆ ಹೇಳಿದೆ. ಆ ಹಲಗೆಯ ಮೇಲೆ ಓಸ್ಮೊ ಇಲ್ಲದೆ ಕೂತರೆ ಆತ ಸತ್ತದ್ದು ನಿಜವಾಗಿಬಿಡುತ್ತದೆಂದು ಹೆದರಿದ್ದೇನೆಂದೂ, ಬೆಳಿಗ್ಗೆ ಏಳುವಾಗ ಆತನಿಗೆ ಹೇಳಲೆಂದು ಮನಸ್ಸಿನಲ್ಲಿ ವಾಕ್ಯಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ, ಅವನ್ನು ಎಲ್ಲಿಗೆ ಒಯ್ಯಬೇಕೆಂದು ತಿಳಿಯದೆಂದೂ ಹೇಳಿದೆ.

"ಚಿಮಣಿ ಸರಿಯಾಗಿದೆ ಅಂತ ನಂಗೆ ನವೆಂಬರಲ್ಲೇ ಗೊತ್ತಿತ್ತು," ಎಂದಳು ಹಿಲ್ಕಾ, ರಸ್ತೆಯನ್ನೇ ನೋಡುತ್ತಾ. "ಮಸಿ ತೆಗೆಯೋರನ್ನ ಕರೆಸಿ ನಾನೇ ನೋಡ್ಸಿದ್ದೆ."

"ಮತ್ತೆ ಬಾಯಿಬಿಡಲೇ ಇಲ್ವಲ್ಲ ನೀನು?"

"ನೀನೇ ಹೇಳ್ತೀಯಾ ಅಂತ ಸುಮ್ನಿದ್ದೆ ಕಣೋ."

ಚಳಿಗಾಲವಿಡೀ ನೆರೆಮನೆಗೆ ಟವಲು ಹೊತ್ತು ನಡೆಯುತ್ತಾ ಆಕೆ ಸುಮ್ಮನಿದ್ದಳು; ನಾನದನ್ನು ಮರ್ಯಾದೆಯೆಂದು ತಿಳಿದಿದ್ದೆ. ಆಮೇಲೆ ನಾನು ಏನೇನು ಹೇಳಿದೆನೋ, ಅಷ್ಟೊಂದು ಅವ್ಯವಸ್ಥಿತವಾಗಿ ನಾನೆಂದೂ ಮಾತನಾಡಿದವನಲ್ಲ. ಕುವೊಪಿಯೊದ ಫಲಕ ಬಂತು, ಹೋಯಿತು. ತಿರುವು ತಪ್ಪಿತೆಂದು ನಾನು ತಡವಾಗಿ ಗಮನಿಸಿ ಹೇಳಿದರೆ, "ನೋಡ್ದೆ. ನೀನು ಮುಂದೆ ಹೇಳು," ಎಂದಳು ಹಿಲ್ಕಾ.

ಆದ್ದರಿಂದ ಮಾನ್ಯರೇ, ಪಾಪ, ಹಿಲ್ಕಾಳ ಅಕ್ಕನವರು ಬೆಳಗಿನಿಂದ ಒಲೆಯಲ್ಲಿಟ್ಟು ಬೇಯಿಸಿದ್ದ, ರೈ ಹಿಟ್ಟಿನೊಳಗೆ ಮೀನು ತುಂಬಿದ ರೊಟ್ಟಿ ತಣ್ಣಗಾದುದಕ್ಕೆ ತಾವೇ ಹೊಣೆ. ನಾವು ಅವರ ಮನೆ ಮುಟ್ಟುವಾಗ ಸಂಜೆಯಾಗಿತ್ತು. "ಎಲ್ಲೋಗಿದ್ರಿ ಇಷ್ಟೊತ್ತು?" ಎಂದು ಅವರು ಬಾಗಿಲಲ್ಲಿಯೇ ಗದರಿದರು, ನಾವಿಬ್ಬರೂ ಒಮ್ಮೆಲೇ ಉತ್ತರಿಸತೊಡಗಿದ್ದರಿಂದ ಅವರಿಗೆ ಏನೂ ಅರ್ಥವಾಗಲಿಲ್ಲ. ತಣ್ಣನೆಯ ರೊಟ್ಟಿಯನ್ನು ತಿಂದೆವು, ಕಾಫಿ ಕುಡಿದೆವು. ಹಿಲ್ಕಾಳ ಪೆಟ್ಟಿಗೆ ಕಾರಿನಿಂದ ಕೆಳಗಿಳಿಯಲಿಲ್ಲ.

ಈ ಎಲ್ಲ ಅನನುಕೂಲಗಳಿಗಾಗಿ ತಮ್ಮ ಮೇಲೆ ಕಠಿಣ ಕ್ರಮವಾಗಿ, ತಮ್ಮನ್ನು ಇನ್ನೆಲ್ಲಿಗೂ ವರ್ಗಾಯಿಸದೆ ನಮ್ಮೂರಿನಲ್ಲಿಯೇ ನಿವೃತ್ತಿಯವರೆಗೂ ಇರಿಸಿಕೊಳ್ಳಬೇಕೆಂದು ಮೇಲಧಿಕಾರಿಗಳನ್ನು ಒತ್ತಾಯಿಸುತ್ತಾ ವಿರಮಿಸುವ,

ತಮ್ಮ ವಿಶ್ವಾಸಿ,
ಟೌನೊ ಹಕ್ಕರಾಯ್ನೆನ್
(ನಿವೃತ್ತ ಉಪಾಧ್ಯಾಯ)

ತಾಜಾ ಕಲಂ: ಹಿಲ್ಕಾಳೂ ಮುಂದಿನ ವಾರ ತಮ್ಮಲ್ಲಿ ಸಮಯ ಕಾದಿರಿಸಿದ್ದಾಳೆ, ವಿಷಯ ನಾನೇ ಎಂದು ತಿಳಿಸಿದ್ದಾಳೆ. ಆಕೆ ನನ್ನ ಬಗ್ಗೆ ಹೇಳುವುದರಲ್ಲಿ ಅರ್ಧ ಉತ್ಪ್ರೇಕ್ಷೆಯೆಂದು ತಿಳಿಯಿರಿ. ಉಳಿದರ್ಧವನ್ನು ತಾವು ನಂಬಬಹುದು, ನನಗೆ ಮಾತ್ರ ತಿಳಿಸಬೇಡಿರಿ. ಆ ದಿನ ತಮ್ಮ ಪ್ರಸಿದ್ಧ ಮೌನವನ್ನು ಪ್ರಯೋಗಿಸಲು ತಮಗೆ ಅವಕಾಶವೇ ಸಿಗಲಾರದೆಂಬ ವಿಚಾರದಲ್ಲಿ ನನ್ನ ಹೃತ್ಪೂರ್ವಕ ಸಹಾನುಭೂತಿಯನ್ನು ಮುಂಗಡವಾಗಿಯೇ ಸ್ವೀಕರಿಸಿರಿ.